ಅಂಗೈಯ ರುಚಿ, ಬೆಳಗಿನ ಮಾತ್ರೆ

ಶ್ರಾವಣದ ಮೊದಲ ಸೋಮವಾರ, ಬೆಳಗ್ಗೆ ಐದೂಕಾಲು ಗಂಟೆ. ಪುಣೆಯ ಕೊಂಢವಾದಲ್ಲಿರುವ ನಮ್ಮ ಹೋಟೆಲಿನ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಸುಮತಿ, ಈಗ ಹೋಟೆಲು ನಡೆಸುತ್ತಿರುವ ನಮ್ಮ ಮಗಳು ವೀಣಾ, ಮತ್ತು ಬಹಳ ವರ್ಷಗಳಿಂದ ನಮ್ಮಲ್ಲಿ ಅಡುಗೆಯ ಮುಖ್ಯಸ್ಥನಾಗಿರುವ ಕುಂದಾಪುರ ಕಡೆಯ ರಾಘು. ಶಟರು ಇನ್ನೂ ಮುಚ್ಚಿತ್ತು. ಹೊರಗೆ ಸಣ್ಣ ಮಳೆ.

ಸುಮತಿಯೂ ವೀಣಾಳೂ ಆ ಹೊತ್ತಿಗೆ ಅಡುಗೆಮನೆಗೆ ಬರುವವರಲ್ಲ. ಅಂದು ಬಂದದ್ದಕ್ಕೆ ಕಾರಣವಿತ್ತು. ಶನಿವಾರ ನನ್ನ ರಕ್ತದ ವರದಿ ಬಂದಿತ್ತು. ಅದನ್ನು ಓದಿ ವೀಣಾ, "ಅಪ್ಪಯ್ಯ, ಸೋಮವಾರದಿಂದ ರುಚಿಯ ತೀರ್ಪು ಮತ್ತೆ ನಿಮ್ಮದು" ಎಂದಿದ್ದಳು. ಆ ತೀರ್ಪು ನನ್ನ ಕೈ ತಪ್ಪಿ ವರ್ಷವಾಗುತ್ತ ಬಂದಿತ್ತು. ಅದು ಹೇಗೆ ತಪ್ಪಿತು, ಹೇಗೆ ಮರಳಿತು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಬಿಳಿ ಮಚ್ಚೆ ಬಂದವರು, ಮಾತ್ರೆ ನುಂಗಿಯೂ ಗುಣ ಕಾಣದವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇರಬಹುದು. ಅವರಿಗೆ ಉಪಯೋಗವಾಗಲಿ.

ನಮ್ಮದು ಉಡುಪಿ ಕಡೆಯ ಮನೆತನ. ನಾನು ಕೆಲಸ ಕಲಿತದ್ದು ಪುಣೆಯಲ್ಲೇ, ಸೋದರಮಾವನ ಹೋಟೆಲಿನಲ್ಲಿ. ಮಾವನಿಗೆ ಗಡಿಯಾರವೇ ದೇವರು. ಎದ್ದದ್ದು, ಮಿಂದದ್ದು, ಒಲೆ ಹೊತ್ತಿಸಿದ್ದು ಎಲ್ಲದಕ್ಕೂ ಅವರಲ್ಲಿ ಒಂದು ವೇಳೆ, ಒಂದು ವಿಧಾನ. ಅವುಗಳಲ್ಲಿ ಮುಖ್ಯವಾದದ್ದು ರುಚಿ ನೋಡುವ ವಿಧಾನ. ಶಟರು ತೆರೆಯುವ ಮೊದಲು, ಗಿರಾಕಿಯ ತಟ್ಟೆಗೆ ಹೋಗಲಿರುವ ಪ್ರತಿಯೊಂದೂ ಯಜಮಾನನ ನಾಲಿಗೆ ದಾಟಿ ಹೋಗಬೇಕು. ಚಮಚ ಕೂಡದು, ಬಟ್ಟಲು ಕೂಡದು. ಅಡುಗೆಯವನು ಸೌಟಿನಿಂದ ಯಜಮಾನನ ಅಂಗೈ ಗುಳಿಗೆ ಬಿಡಬೇಕು. ನೆಕ್ಕಿ ನೋಡಿ, ಹೇಳಬೇಕಾದ್ದನ್ನು ಹೇಳಿ, ಕೈ ತೊಳೆದು ಮುಂದಿನ ಪಾತ್ರೆಗೆ ಹೋಗಬೇಕು. ಕಾಫಿಗೆ ಮಾತ್ರ ಒಂದು ಸಣ್ಣ ಲೋಟ.

ಮಾವ ಏಕಾದಶಿಗೆ ನೀರನ್ನೂ ಮುಟ್ಟದವರು. ಆದರೆ ರುಚಿ ನೋಡುವುದನ್ನು ಏಕಾದಶಿಗೂ ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಅಂಗೈಗೆ ಬಿದ್ದದ್ದು ಹೊಟ್ಟೆಯ ಲೆಕ್ಕಕ್ಕಿಲ್ಲ" ಎನ್ನುತ್ತಿದ್ದರು. ನಮ್ಮ ಕಡೆಯ ಹೋಟೆಲಿನವರಿಗೆ ಇದು ಶಾಸ್ತ್ರವಾಕ್ಯದ ಹಾಗೆ. ನಾನೂ ಹೋಟೆಲು ಶುರುಮಾಡಿದ ದಿನದಿಂದ ಹಾಗೇ ನಡೆಸಿದೆ. ಈಗ ನನಗೆ ಅರವತ್ತೇಳು.

ಮೊದಲ ಬಿಳಿ ಮಚ್ಚೆ ಬಲಗೈ ಹೆಬ್ಬೆರಳಿನ ಬದಿಯಲ್ಲಿ ಕಾಣಿಸಿತು. ಡಿಕಾಕ್ಷನ್ ಸಿಡಿದು ಸುಟ್ಟದ್ದು ಎಂದುಕೊಂಡೆ. ಹೋಟೆಲಿನವನ ಕೈಯಲ್ಲಿ ಸುಟ್ಟ ಕಲೆ ಇಲ್ಲದಿದ್ದರೆ ಅವನು ಕೆಲಸ ಮಾಡುವುದಿಲ್ಲ ಎಂದರ್ಥ. ಆಮೇಲೆ ಬೆರಳ ತುದಿಗಳು ಬಿಳಿಯಾದವು. ಆಮೇಲೆ ತುಟಿಯ ಎರಡು ಮೂಲೆ. ಒಂದು ಬೆಳಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಸುಮತಿ ಹಿಂದಿನಿಂದ ಕನ್ನಡಿಯಲ್ಲಿ ನೋಡಿ, "ಅದು ಸೋಪಿನ ನೊರೆಯಾ?" ಎಂದು ಕೇಳಿದಳು. ನೊರೆ ಒರೆಸಿದೆ. ಬಿಳಿ ಹೋಗಲಿಲ್ಲ. ಅವಳು ಹಸಿ ಟವೆಲಿನಿಂದ ತಾನೇ ಇನ್ನೊಮ್ಮೆ ಒರೆಸಿ ನೋಡಿದಳು.

ಊರಿಂದ ತಂಗಿ ಫೋನು ಮಾಡಿ ನಾಗದೋಷವೆಂದಳು, ಆಶ್ಲೇಷಾ ಬಲಿ ಮಾಡಿಸು ಎಂದಳು. ಮಾಡಿಸಿದೆ. ಇನ್ನೊಬ್ಬರು ಹುಳಿ ಬಿಡಿ ಎಂದರು, ಮತ್ತೊಬ್ಬರು ಮೊಸರು, ಹಾಲು, ಅನ್ನ, ಬಿಳಿ ಬಣ್ಣದ್ದೆಲ್ಲ ಬಿಡಿ ಎಂದರು. ಇಡ್ಲಿ ಮಾರುವವನಿಗೆ ಬಿಳಿಯದನ್ನು ಬಿಡು ಎಂದರೆ ಏನು ಉಳಿಯಿತು?

ಗಿರಾಕಿಗಳ ವಿಷಯ ಬೇರೆ. ಒಬ್ಬ ಮನುಷ್ಯ ಪಾರ್ಸೆಲ್ ಕಟ್ಟಿಸಿಕೊಳ್ಳುತ್ತ ನನ್ನ ಕೈ ನೋಡಿದ, ವೀಣಾಳ ಕಡೆ ತಿರುಗಿ ಮರಾಠಿಯಲ್ಲಿ ಮೆಲ್ಲಗೆ, "ಬೇರೆ ಯಾರಾದರೂ ಕಟ್ಟಿಕೊಡಲಿ" ಎಂದ. ವೀಣಾ ಅಷ್ಟೇ ಮೆಲ್ಲಗೆ, "ನಿನ್ನೆಯೂ ಇದೇ ಕೈ ಕಟ್ಟಿದ್ದು ಸಾಹೇಬರೇ, ಚೆನ್ನಾಗಿತ್ತಲ್ಲ?" ಎಂದಳು. ಅವನು ಪಾರ್ಸೆಲ್ ತೆಗೆದುಕೊಂಡು ಹೋದ. ತಿಂದನೋ ಬಿಸಾಕಿದನೋ ಗೊತ್ತಿಲ್ಲ.

ಮರುದಿನ ವೀಣಾ ನನಗೊಂದು ಕೈಗವಸಿನ ಡಬ್ಬ ತಂದಿಟ್ಟಳು. ನಾನು ಹೇಳಿದೆ: "ಶುಚಿಗೆಂದಾದರೆ ಪಾರ್ಸೆಲ್ ಕಟ್ಟುವವರೆಲ್ಲ ಹಾಕಲಿ, ನಾನೂ ಹಾಕುತ್ತೇನೆ. ನನ್ನ ಮಚ್ಚೆ ಮುಚ್ಚಲಿಕ್ಕಾದರೆ ವಾಪಸು ಮಾಡು." ಅಂದಿನಿಂದ ಪಾರ್ಸೆಲ್ ಕಟ್ಟೆಯಲ್ಲಿ ಎಲ್ಲರಿಗೂ ಕೈಗವಸು.

ಬೆಳಗಿನ ವಾಕಿಂಗ್ ಮುಗಿಸಿ ದಿನಾ ನಮ್ಮಲ್ಲಿಗೆ ಬರುವ ಜೋಶಿ ಕಾಕಾ ಎಂಬ ಹಿರಿಯರಿದ್ದಾರೆ. ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತಿಲ್ಲ. ಒಂದು ದಿನ ಹತ್ತು ಟೇಬಲಿಗೂ ಕೇಳುವಂತೆ, "ಅಣ್ಣಾ, ಹೇ ಕೋಡ ಆಹೇ ಕಾ?" ಎಂದರು. ಮರಾಠಿಯವರು ತೊನ್ನಿಗೆ ಕೋಡ ಎನ್ನುತ್ತಾರೆ. ಚಮಚಗಳ ಸದ್ದು ನಿಂತಿತು. ನಾನು, "ಹೌದು ಕಾಕಾ, ಅದೇ" ಎಂದೆ.

"ನನ್ನ ಅಕ್ಕನಿಗೂ ಇತ್ತು. ತೊಂಬತ್ತು ದಾಟಿ ಬದುಕಿದಳು. ಅವಳು ಮಾಡಿದ ಪೂರಣಪೋಳಿ ತಿಂದವನು ಬೇರೆ ಕಡೆ ತಿನ್ನಲಿಕ್ಕಿಲ್ಲ. ಎಲ್ಲಿ, ಕಾಫಿ ತಾ" ಎಂದರು. ಚಮಚಗಳು ಮತ್ತೆ ಸದ್ದು ಮಾಡಿದವು. ಆ ದಿನದಿಂದ ನನ್ನ ಹೋಟೆಲಿನಲ್ಲಿ ನನ್ನ ಕೈ ಒಂದು ಗುಟ್ಟಾಗಿ ಉಳಿಯಲಿಲ್ಲ. ಕಾಕಾ ಮಾಡಿದ ಉಪಕಾರ ಅವರಿಗೇ ಗೊತ್ತಿಲ್ಲ.

ಆದರೆ ಮಚ್ಚೆಯ ಜೊತೆಗೆ ಬೇರೇನೋ ಬಂದಿತ್ತು. ನಾನು ನಿಧಾನವಾಗುತ್ತಿದ್ದೆ. ಮೆಟ್ಟಿಲು ಹತ್ತುವಾಗ ಕಾಲಿಗೆ ಹಿಟ್ಟಿನ ಚೀಲ ಕಟ್ಟಿದ ಹಾಗೆ. ಹಣ ತೆಗೆದುಕೊಳ್ಳುವ ಗಲ್ಲೆಯಲ್ಲಿ ಕುಳಿತಲ್ಲೇ ಕಣ್ಣು ಮುಚ್ಚುತ್ತಿತ್ತು. ಧ್ವನಿ ಒರಟಾಯಿತು. ಏಪ್ರಿಲ್ ತಿಂಗಳ ಪುಣೆಯಲ್ಲಿ ಜನ ಬೆವರೊರೆಸಿಕೊಳ್ಳುವಾಗ ನಾನು ಫ್ಯಾನು ನಿಲ್ಲಿಸು ಎನ್ನುತ್ತಿದ್ದೆ. ಮನೆಯವರೆಲ್ಲ ಇದಕ್ಕೆ ಒಂದೇ ಅರ್ಥ ಮಾಡಿದರು: ಮಚ್ಚೆಯದೇ ಚಿಂತೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ನನಗೆ ಚಿಂತೆ ಇರಲಿಲ್ಲ ಎಂದಲ್ಲ. ಆದರೆ ಚಿಂತೆಗೆ ಸ್ವೆಟರು ಬೇಕಾಗುತ್ತದೆಯೇ?

ಚರ್ಮದ ಡಾಕ್ಟರ ಹತ್ತಿರ ಸುಮತಿಯೇ ಕರೆದುಕೊಂಡು ಹೋದಳು. ಅಲ್ಲಿಯ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಆ ಸೆಕೆಯಲ್ಲಿ ತುಂಬುತೋಳಿನ ಅಂಗಿ, ಕುತ್ತಿಗೆಗೆ ಓಢಣಿ, ಕೈ ಚೀಲದೊಳಗೆ. ಎಲ್ಲರೂ ಗೋಡೆ ನೋಡುವವರೇ. ನಾನು ಅಂಗಿಯ ತೋಳು ಮಡಚಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕುಳಿತೆ. ಧೈರ್ಯದಿಂದಲ್ಲ, ಅಭ್ಯಾಸಬಲದಿಂದ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲದಿಂದ ಕೈ ಹೊರಗೆ ತೆಗೆದು ಭಾಕರವಡಿ ಪೊಟ್ಟಣ ಬಿಚ್ಚಿ ನಮ್ಮ ಕಡೆ ಚಾಚಿದಳು. ಅವಳ ಬೆರಳೂ ನನ್ನ ಬೆರಳೂ ಒಂದೇ ಬಣ್ಣ. ಇಬ್ಬರೂ ನಕ್ಕೆವು. ಮೂವರೂ ತಿಂದೆವು.

ಡಾಕ್ಟರು ಬೆಳಗಾವಿಯ ಕಡೆಯವರು, ನಲವತ್ತರ ಆಸುಪಾಸಿನ ಹೆಣ್ಣುಮಗಳು. ಕನ್ನಡದವರೆಂದು ಗೊತ್ತಾದ ಕೂಡಲೇ ಭಾಷೆ ಬದಲಿಸಿದರು.

"ಬರ್ರಿ, ಕೂಡ್ರಿ. ಯಾವಾಗಿಂದ ಅದ ಇದು?"

ಹೇಳಿದೆ. ನೀಲಿ ದೀಪ ಹಿಡಿದು ಕೈ, ತುಟಿ ನೋಡಿದರು. ಆಮೇಲೆ ದೀಪ ಆರಿಸಿ ನನ್ನ ಮುಖವನ್ನೇ ನೋಡಿದರು.

"ಈ ಬ್ಯಾಸಿಗ್ಯಾಗ ಒಳಗ ಬನಿಯನ್ನು, ಮ್ಯಾಲ ಅಂಗಿ, ಅದರ ಮ್ಯಾಲ ಜಾಕೀಟು ಹಾಕ್ಕೊಂಡೀರಲ್ರಿ. ಥಂಡಿ ಆಗತದೇನು?"

"ಸ್ವಲ್ಪ" ಎಂದೆ.

"ಸ್ವಲ್ಪ ಅಲ್ಲ ಡಾಕ್ಟ್ರೇ, ಮನೆಯಲ್ಲಿ ಫ್ಯಾನು ಹಾಕಲಿಕ್ಕೆ ಬಿಡುವುದಿಲ್ಲ. ಮಚ್ಚೆಯದೇ ಯೋಚನೆ ಇವರಿಗೆ" ಎಂದಳು ಸುಮತಿ.

"ಯೋಚನಿಗೆ ಥಂಡಿ ಹತ್ತಂಗಿಲ್ರಿ ಅಮ್ಮಾರ" ಎಂದು ಎದ್ದು ಬಂದು ನನ್ನ ಹಿಂದೆ ನಿಂತರು. "ಕುತ್ತಿಗಿ ಸ್ವಲ್ಪ ಮ್ಯಾಲ ಮಾಡ್ರಿ. ಹಾಂ. ಉಗುಳು ನುಂಗ್ರಿ." ಗಂಟಲಿನ ಮೇಲೆ ಅವರ ಬೆರಳು ಎರಡು ಸಲ ಆಡಿತು. "ಥೈರಾಯ್ಡ್ ನೋಡೋಣು. ಈ ಮಚ್ಚಿ ಮತ್ತ ಆ ಗ್ರಂಥಿ ಒಮ್ಮೊಮ್ಮೆ ಒಂದ ಓಣ್ಯಾಗ ಅಡ್ಡಾಡತಾವು. ಮೈ ಕಾಯಾಕ ಇಟ್ಟ ಕಾವಲುಗಾರ ಕಳ್ಳರನ್ನ ಬಿಟ್ಟು ಮನಿ ಮಂದಿನ್ನ ಬಡಿಯಾಕ ಶುರು ಮಾಡಿರತಾನ. ಒಂದು ಕ್ವಾಣ್ಯಾಗ ಬಡದಂವ ಬಾಜೂ ಕ್ವಾಣಿಗೂ ಹೋಗಿರಬಹುದು."

ಹೋಗಿದ್ದ. ಥೈರಾಯ್ಡ್ ಗ್ರಂಥಿ ಸೋತಿರುವುದು ರಕ್ತ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಿಸಿತು. ಅವರು ಒಬ್ಬ ಹಾರ್ಮೋನು ಡಾಕ್ಟರ ಬಳಿ ಕಳಿಸಿದರು. ಅಲ್ಲಿಂದ ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಮಚ್ಚೆಗೆ ಬೇರೆ ಚಿಕಿತ್ಸೆ: ಮುಲಾಮು, ಮತ್ತು ವಾರಕ್ಕೆರಡು ಸಲ ಬೆಳಕಿನ ಪೆಟ್ಟಿಗೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಬಟ್ಟೆಯ ಬೀರುವಿನಂಥದ್ದರೊಳಗೆ ನಿಲ್ಲಿಸುತ್ತಾರೆ. ನಾನು ಒಳಗೆ ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಿದ್ದೆ. ಮೊದಲ ದಿನ ಆರಂಭದ ಶ್ಲೋಕ ಮುಗಿಯುವುದರೊಳಗೆ ಬಾಗಿಲು ತೆರೆದರು. ತಿಂಗಳುಗಳು ಕಳೆದಂತೆ ಬೆಳಕಿನ ಅವಧಿ ಏರಿತು, ನಾಮಗಳೂ ಏರಿದವು. "ಕಾಕಾ, ಇವತ್ತು ಎಲ್ಲಿವರೆಗೆ ಬಂತು?" ಎಂದು ಅಲ್ಲಿಯ ನರ್ಸು ಕೇಳುತ್ತಿದ್ದಳು.

ಒಂದು ಮಾತು ಡಾಕ್ಟರು ಮೊದಲೇ ಹೇಳಿದ್ದರು. ಥೈರಾಯ್ಡ್ ಮಾತ್ರೆಯಿಂದ ಮಚ್ಚೆ ಹೋಗುವುದಿಲ್ಲ; ಮುಲಾಮು, ಬೆಳಕಿನಿಂದ ಮುಖದ್ದು ತುಂಬಬಹುದು, ಬೆರಳ ತುದಿಯದ್ದು ಕಷ್ಟ. ಮಾತ್ರೆಯಿಂದ ಮೈಯ ಭಾರ, ನಿದ್ದೆ, ಚಳಿ ಹೋಗಬೇಕು. ತುಟಿಯ ಮೂಲೆಯಲ್ಲಿ ಆರೇಳು ತಿಂಗಳಿಗೆ ಕಂದು ಚುಕ್ಕೆಗಳು ಮೂಡಿ, ಒಂದಕ್ಕೊಂದು ಸೇರಿಕೊಂಡವು. ಅದು ಅವರು ಹೇಳಿದ ಹಾಗೇ ಆಯಿತು. ಮೈಯ ಭಾರ ಮಾತ್ರ ಇಳಿಯಲಿಲ್ಲ. ಮತ್ತೆ ರಕ್ತ ತೆಗೆದರು, ಇಳಿಯಬೇಕಾದ ಅಂಕಿ ಅಷ್ಟೇ. ಮಾತ್ರೆಯ ಪ್ರಮಾಣ ಏರಿಸಿದರು. ಮತ್ತೆ ಅಷ್ಟೇ.

"ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತೀರಾ?" ಎಂದು ಹಾರ್ಮೋನು ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು. "ಹೌದು" ಎನ್ನುತ್ತಿದ್ದೆ. "ಒಂದು ದಿನವೂ ತಪ್ಪಿಲ್ಲ?" "ತಪ್ಪಿಲ್ಲ." ಅದರಲ್ಲಿ ಸುಳ್ಳಿಲ್ಲ. ಐದು ಗಂಟೆಗೆ ನೀರಿನೊಂದಿಗೆ ಮಾತ್ರೆ. ನನ್ನ ತಿಂಡಿ ಎಂಟಕ್ಕೆ, ಕಾಫಿ ತಿಂಡಿಯ ಜೊತೆಗೆ.

ಈ ನಡುವೆ ನಾಲಿಗೆ ಕೈಕೊಟ್ಟಿತು. ನಮ್ಮಲ್ಲಿ ಒಂದು ನಿಶ್ಚಿತಾರ್ಥದ ಊಟದ ಆರ್ಡರು ಇತ್ತು. ಹೆಸರುಬೇಳೆ ಪಾಯಸ. ರಾಘು ಅಂಗೈಗೆ ಬಿಟ್ಟ. "ಬೆಲ್ಲ ಸಾಲದು" ಎಂದೆ. ಹಾಕಿದ. "ಇನ್ನೂ ಸಾಲದು." ಅವನು ನನ್ನ ಮುಖ ನೋಡಿದ, ಮತ್ತೆ ಹಾಕಿದ. ಊಟದ ಪಂಕ್ತಿಯಲ್ಲಿ ಹುಡುಗನ ಚಿಕ್ಕಪ್ಪ ಒಂದು ಗುಟುಕು ಕುಡಿದು, "ಅಣ್ಣಾ, ಇದು ಪಾಯಸವೋ ಕಾಕಂಬಿಯೋ?" ಎಂದ. ಜನ ನಕ್ಕರು. ಎಲೆಗಳಲ್ಲಿ ಪಾಯಸ ಹಾಗೆಯೇ ಉಳಿಯಿತು.

ಸಂಜೆ ವೀಣಾ ನನ್ನೆದುರು ಕುಳಿತಳು. "ಅಪ್ಪಯ್ಯ, ಬೇಸರ ಮಾಡಬೇಡಿ. ಸ್ವಲ್ಪ ದಿನ ರುಚಿ ರಾಘಣ್ಣನೇ ನೋಡಲಿ. ನೀವು ಲೋಣಾವಳಾಕ್ಕೆ ಹೋಗಿ ಬನ್ನಿ."

ಲೋಣಾವಳಾದಲ್ಲಿ ದೊಡ್ಡಪ್ಪನ ಮಗ, ನನ್ನ ಅಣ್ಣನ ಹೋಟೆಲು ಇದೆ. ಸುಮತಿಯೊಂದಿಗೆ ಹೋದೆ. ಜೂನ್ ತಿಂಗಳು, ಎಲ್ಲಿ ನೋಡಿದರೂ ಮಂಜು, ಮಳೆ, ಚಿಕ್ಕಿ ಅಂಗಡಿ. ನಾನು ಎರಡು ಸ್ವೆಟರು ಹಾಕಿ ಕಿಟಕಿಯ ಬಳಿ ಕೂರುತ್ತಿದ್ದೆ. ಬೆಳಗ್ಗೆ ಎದ್ದು ಅದೇ ಐದು ಗಂಟೆಗೆ ಮಾತ್ರೆ ನುಂಗುವುದು. ಆಮೇಲೆ ಕೆಲಸವಿಲ್ಲ. ಅಣ್ಣ ಎದ್ದು ಬಂದ ಮೇಲೆ, ಏಳೂವರೆಗೆ ಇಬ್ಬರೂ ಕಾಫಿ.

ಕೆಲವು ವಾರಗಳಲ್ಲಿ ಒಂದು ಸ್ವೆಟರು ಹೋಯಿತು. ಆಮೇಲೆ ಇನ್ನೊಂದೂ. ಒಂದು ದಿನ ನಾನು ಮಧ್ಯಾಹ್ನ ಮಲಗಲೇ ಇಲ್ಲ ಎಂಬುದು ಸಂಜೆ ಗೊತ್ತಾಯಿತು. ಅಲ್ಲಿಯೇ ರಕ್ತ ಕೊಟ್ಟೆ. ಅಂಕಿ ಸರಿಯಾದ ಜಾಗಕ್ಕೆ ಬಂದಿತ್ತು. ಅಣ್ಣ, "ಇದು ನಮ್ಮ ಘಾಟಿನ ಗಾಳಿ ಮಾರಾಯ, ನಿಮ್ಮ ಪುಣೆಯಲ್ಲಿ ಸಿಕ್ಕುವುದಲ್ಲ" ಎಂದು ಬೆನ್ನು ತಟ್ಟಿದ.

ಗೆದ್ದವನ ಹಾಗೆ ಕೊಂಢವಾಕ್ಕೆ ಮರಳಿದೆ. ವೀಣಾ ರುಚಿ ನೋಡುವ ಕೆಲಸವನ್ನು ತಾನಾಗಿಯೇ ನನಗೆ ಮರಳಿಸಿದಳು. ಚೌತಿ ಬಂತು, ನವರಾತ್ರಿ ಬಂತು, ಕೆಲಸ ಜೋರು. ದೀಪಾವಳಿಯ ಹೊತ್ತಿಗೆ ನಾನು ಮತ್ತೆ ಗಲ್ಲೆಯಲ್ಲಿ ತೂಕಡಿಸುತ್ತಿದ್ದೆ. ಸ್ವೆಟರು ಮರಳಿತು. ರಕ್ತ ಕೊಟ್ಟೆ. ಅಂಕಿ ಮೊದಲಿಗಿಂತ ಮೇಲೆ.

ಆ ರಾತ್ರಿ ಊಟವಾದ ಮೇಲೆ ವೀಣಾ ಹೇಳಿದಳು: "ಹೋಟೆಲು ಬಿಟ್ಟಾಗ ಸರಿಯಾದಿರಿ, ಹೋಟೆಲಿಗೆ ಬಂದಾಗ ಕೆಟ್ಟಿತು. ಇನ್ನೂ ಎಂತ ಸಾಕ್ಷಿ ಬೇಕು ಅಪ್ಪಯ್ಯ? ನಿಮ್ಮ ಕಾಯಿಲೆಯೇ ಈ ಹೋಟೆಲು. ರುಚಿ ಇನ್ನು ರಾಘಣ್ಣನದು. ನೀವು ಮನೆಯಲ್ಲಿರಿ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ. ಮಚ್ಚೆ ಬಂದಾಗ ನಾನು ಇಷ್ಟು ಕುಗ್ಗಿರಲಿಲ್ಲ. ಕೈಯ ಬಣ್ಣ ಹೋದರೂ ಕೈಗೆ ಕೆಲಸವಿತ್ತು. ನಾಲಿಗೆ ಹೋದರೆ ನಾನು ಆ ಅಡುಗೆಮನೆಯಲ್ಲಿ ಯಾರು? ಅಲ್ಲಿ ಹೋಗಿ ಬರುವ ಹಾದಿಗೆ ಅಡ್ಡ ನಿಂತ ಒಬ್ಬ ಮುದುಕ. "ಆಯಿತು" ಎಂದೆ.

ಸುಮತಿ ತಟ್ಟೆ ಎತ್ತುತ್ತ, "ಆಯಿತು ಎನ್ನುವ ಮೊದಲು ಬೆಳಗಾವಿ ಡಾಕ್ಟ್ರಿಗೆ ಒಂದು ಮಾತು ಹೇಳುವ. ಬೆಳಕಿನ ಪೆಟ್ಟಿಗೆಗೆ ಹೇಗೂ ಗುರುವಾರ ಹೋಗುವುದುಂಟಲ್ಲ" ಎಂದಳು.

ಗುರುವಾರ ಹೋದೆವು. ಡಾಕ್ಟರು ಎರಡೂ ವರದಿ ಪಕ್ಕಪಕ್ಕ ಇಟ್ಟು ನೋಡಿದರು. "ಅದ ಮಾತ್ರಿ, ಅದ ಕಂಪನಿ, ಅವನ ಮನಷ್ಯಾ. ಲೋಣಾವಳಾದಾಗ ಹತ್ತಿದ್ದು ಪುಣೇದಾಗ ಯಾಕ ಹತ್ತವಲ್ದು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮುಂಜಾನಿ ಹೇಳ್ರಿ ನೋಡೋಣು. ಎದ್ದಾಗಿಂದ. ಒಂದೂ ಬಿಡಬ್ಯಾಡ್ರಿ."

ದಿನಚರಿ ಹೇಳು ಎಂದರೆ ನನಗೆ ಉತ್ಸಾಹ. ನೆಟ್ಟಗೆ ಕುಳಿತು ಶುರುಮಾಡಿದೆ. "ನಾಲ್ಕೂವರೆಗೆ ಏಳುವುದು, ಸ್ನಾನ, ಜಪ. ಐದಕ್ಕೆ ಮಾತ್ರೆ, ಬರೀ ನೀರಿನಲ್ಲಿ. ಕೆಳಗೆ ಇಳಿದು ಅಡುಗೆಮನೆ. ಡಿಕಾಕ್ಷನ್ ನೋಡುವುದು. ಸಾಂಬಾರು, ಚಟ್ನಿ, ಪಲ್ಯ, ಶಿರಾ ನೋಡುವುದು. ಆರಕ್ಕೆ ಶಟರು. ಎಂಟಕ್ಕೆ ತಿಂಡಿ..."

"ನಿಂದರ್ರಿ. ಡಿಕಾಕ್ಷನ್ ನೋಡೂದು ಅಂದ್ರ? ಕಣ್ಣಿಲೆ?"

"ಇಲ್ಲ, ಹಾಲು ಬೆರೆಸಿ. ಸಣ್ಣ ಲೋಟದಲ್ಲಿ. ಕಡು ಇದ್ದರೆ ನೀರು ಬೆರೆಸಿ ಇನ್ನೊಮ್ಮೆ."

"ಕುಡೀತೀರಿ."

"ಕುಡಿಯುವುದಲ್ಲ ಡಾಕ್ಟ್ರೇ, ರುಚಿ ನೋಡುವುದು."

"ಸಾಂಬಾರ?"

"ಅಂಗೈಗೆ ಬಿಟ್ಟುಕೊಂಡು."

"ಆಮ್ಯಾಲ ಉಗಳತೀರೇನು?"

ನನಗೆ ಸಿಟ್ಟು ಬಂತು. "ಅನ್ನವನ್ನು ಯಾರಾದರೂ ಉಗುಳುತ್ತಾರಾ?"

ಸುಮತಿ ನನ್ನ ಸಹಾಯಕ್ಕೆ ಬಂದಳು. "ಅದು ಹೊಟ್ಟೆಗೆ ತೆಗೆದುಕೊಂಡ ಹಾಗೆ ಅಲ್ಲ ಡಾಕ್ಟ್ರೇ. ಇವರ ಸೋದರಮಾವ ಏಕಾದಶಿಗೂ ನೋಡ್ತಿದ್ದರು. ಅಂಗೈಗೆ ಬಿದ್ದದ್ದು ಹೊಟ್ಟೆಯ ಲೆಕ್ಕಕ್ಕಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಭುಜ ಅಲುಗಾಡುತ್ತಿತ್ತು. "ಉಪಾಸ ಅಂತ ಹೇಳಿ ಎರಡ ಪ್ಲೇಟ ಸಾಬೂದಾಣಿ ಖಿಚಡಿ ತಿನ್ನೋ ಮಂದಿನ್ನ ಈ ಊರಾಗ ದಿನಾ ನೋಡತೇನ್ರಿ. ಖಾಲಿ ಹೊಟ್ಟಿ ಅಂತ ಹೇಳಿ ಸಾಂಬಾರ ಕುಡಿಯೋವ್ರನ್ನ ಇವತ್ತ ನೋಡಿದೆ. ಅಲ್ರೀ ಅಣ್ಣಾರ, ಲೆಕ್ಕ ನಿಮಗ ಗೊತ್ತು, ನಿಮ್ಮ ಮಾವಗ ಗೊತ್ತು. ಮಾತ್ರಿಗೆ ಹ್ಯಾಂಗ ಗೊತ್ತಾಗಬೇಕು?"

ಮಾತ್ರೆ ನುಂಗಿದ ಕಾಲು ಗಂಟೆಗೇ ಕಾಫಿ, ಹಾಲು, ಆಹಾರ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಕನಿಷ್ಠ ಒಂದು ಗಂಟೆ ಬಿಡಬೇಕು. ಗ್ರಂಥಿ ಸೋತರೆ ಒಮ್ಮೊಮ್ಮೆ ನಾಲಿಗೆಯ ರುಚಿಯೂ ಮಂದವಾಗುತ್ತದಂತೆ. ಲೋಣಾವಳಾದಲ್ಲಿ ನನ್ನನ್ನು ಗುಣಪಡಿಸಿದ್ದು ಘಾಟಿನ ಗಾಳಿಯೂ ಅಲ್ಲ, ವಿಶ್ರಾಂತಿಯೂ ಅಲ್ಲ. ಅಲ್ಲಿ ಬೆಳಗ್ಗೆ ಯಾರೂ ನನ್ನ ಅಂಗೈಗೆ ಸಾಂಬಾರು ಬಿಟ್ಟಿರಲಿಲ್ಲ, ಅಷ್ಟೆ.

ನಾನು ಆಟೋದಲ್ಲಿ ಬರುವಾಗಲೂ ಪೂರ್ತಿ ಒಪ್ಪಿರಲಿಲ್ಲ. "ಒಂದೆರಡು ಗುಟುಕಿಗೆ ಇಷ್ಟು ಆಗುತ್ತದಾ?" ಎಂದೆ. ಮರುದಿನ ಬೆಳಗ್ಗೆ ಸುಮತಿ ಒಂದು ಸ್ಟೀಲು ಪಾತ್ರೆ ಹಿಡಿದು ಅಡುಗೆಮನೆಗೆ ಬಂದಳು. ರಾಘುವಿಗೆ, "ಇವರ ಅಂಗೈಗೆ ನೀನು ಎಷ್ಟು ಬಿಡ್ತಿದ್ದೆಯೋ ಅಷ್ಟನ್ನೇ ಇದಕ್ಕೂ ಹಾಕು. ಕಾಫಿ ಈ ಲೋಟಕ್ಕೆ" ಎಂದಳು. ಅವನು ಹಾಕುತ್ತ ಹೋದ. ಕಡು ಕಾಫಿ, ಸರಿಮಾಡಿದ ಕಾಫಿ, ಸಾಂಬಾರು ಎರಡು ಸಲ, ಎರಡು ಬಗೆಯ ಚಟ್ನಿ, ಪಲ್ಯ, ಶಿರಾ. ಕೊನೆಗೆ ಪಾತ್ರೆಯನ್ನೂ ಲೋಟವನ್ನೂ ನನ್ನೆದುರು ಇಟ್ಟಳು. ಲೋಟ ತುಂಬಿತ್ತು. ಪಾತ್ರೆಯಲ್ಲಿದ್ದದ್ದಕ್ಕೆ ಎರಡು ಇಡ್ಲಿ ಸೇರಿಸಿದರೆ ಯಾರದಾದರೂ ತಿಂಡಿ ಆಗುತ್ತಿತ್ತು.

ರಾಘು ಇಣುಕಿ ನೋಡಿ, "ಅಣ್ಣ, ಇಷ್ಟು ವರ್ಷ ನೀವು ದಿನಾ ಎರಡು ಸಲ ತಿಂಡಿ ತಿಂದದ್ದು" ಎಂದ. ನಾನೂ ನಕ್ಕೆ. ನಗದೆ ಉಪಾಯವಿರಲಿಲ್ಲ.

ಮಾತ್ರೆಯ ವೇಳೆಯನ್ನು ನಾಲ್ಕು ಗಂಟೆಗೆ ತಂದೆ. ನಾಲ್ಕಕ್ಕೆ ಮಾತ್ರೆ, ಆಮೇಲೆ ಸ್ನಾನ, ಜಪ, ಐದೂಕಾಲಕ್ಕೆ ಅಡುಗೆಮನೆ. ಹಾರ್ಮೋನು ಡಾಕ್ಟರಿಗೂ ವಿಷಯ ತಿಳಿಸಿದೆವು. ಅವರು ಹಿಂದೆ ಏರಿಸಿದ್ದ ಪ್ರಮಾಣವನ್ನು ಇಳಿಸಿ ಮತ್ತೆ ಪರೀಕ್ಷೆಗೆ ಬರಹೇಳಿದರು. ವೀಣಾ ಒಂದು ಷರತ್ತು ಹಾಕಿದಳು. ನಾನು ರುಚಿ ನೋಡಬಹುದು, ಆದರೆ ತೀರ್ಪು ರಾಘುವಿನದು. ಎರಡು ವರದಿ ಬೆನ್ನುಬೆನ್ನಿಗೆ ಸರಿ ಬಂದರೆ ಮಾತ್ರ ತೀರ್ಪು ನನಗೆ. ನಾನು ಒಪ್ಪಿದೆ. ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ರಾಘುವಿನ ಪಕ್ಕ ನಿಂತು, ಅವನು ಹೇಳಿದ ಮೇಲೆ ನೆಕ್ಕಿ, ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಇದು ಮಾತ್ರೆಗಿಂತ ಕಹಿ. ಆದರೆ ವಾರ ಕಳೆದಂತೆ ಒಂದೊಂದೇ ರುಚಿ ಮರಳಿತು. ಮೊದಲು ಹುಳಿ. ಆಮೇಲೆ ಇಂಗಿನ ಹಿಂದಿನ ಒಗರು. ಕೊನೆಗೆ, ಮೆಂತೆ ಹುರಿಯುವಾಗ ಒಂದು ಕ್ಷಣ ಹೆಚ್ಚಾದದ್ದು. ಒಂದು ಬೆಳಗ್ಗೆ ಮೆಟ್ಟಿಲಲ್ಲಿ ವೀಣಾ, "ಅಪ್ಪಯ್ಯ, ಓಡಬೇಡಿ" ಎಂದಳು. ನಾನು ಓಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಮೊದಲ ವರದಿ ಸರಿ ಬಂತು. ಎರಡನೆಯದು ಶನಿವಾರ ಬಂತು. ದಿನಾ ಬೆಳಗ್ಗೆ ಅಂಗೈ ಚಾಚುತ್ತಿದ್ದರೂ ಅಂಕಿ ಕದಲಿರಲಿಲ್ಲ.

ಹಾಗೆ ಬಂದದ್ದು ಈ ಸೋಮವಾರ, ಐದೂಕಾಲು ಗಂಟೆ.

ಮೊದಲು ಕಾಫಿ. "ಸರಿ ಉಂಟು" ಎಂದೆ. ಸಾಂಬಾರು. "ಸರಿ." ಶ್ರಾವಣ ಸೋಮವಾರವಾದ್ದರಿಂದ ಉಪವಾಸದವರಿಗೆಂದು ಸಾಬೂದಾಣಿ ಖಿಚಡಿ. "ಶೇಂಗಾಪುಡಿ ಒಂದು ಮುಷ್ಟಿ." ರಾಘು ಹಾಕಿದ. ಕಾಯಿಚಟ್ನಿಯನ್ನು ಅಂಗೈಗೆ ಬಿಟ್ಟ. ನೆಕ್ಕಿದೆ. ಮತ್ತೆ ಬಿಡು ಎಂದೆ. ಮತ್ತೆ ನೆಕ್ಕಿದೆ.

"ಎಂತ ಅಣ್ಣ? ಉಪ್ಪಾ?"

"ಉಪ್ಪು ಸರಿ ಉಂಟು. ಒಂದು ಕಾಯಿ ಕೆಟ್ಟದ್ದು ಸೇರಿದೆ."

ರಾಘು ತಾನೂ ಅಂಗೈಗೆ ಬಿಟ್ಟುಕೊಂಡು ನೋಡಿದ. "ನನಗೆ ಎಂತದೂ ಗೊತ್ತಾಗುವುದಿಲ್ಲ." ವೀಣಾ ನೋಡಿದಳು, ಸುಮತಿ ನೋಡಿದಳು. ಇಬ್ಬರೂ ತಲೆ ಅಲ್ಲಾಡಿಸಿದರು. ಮೂವರೂ ನನ್ನನ್ನು ನೋಡಿದರು. ಪಾಯಸದ ದಿನವೂ ರಾಘು ಹೀಗೆಯೇ ನನ್ನ ಮುಖ ನೋಡಿದ್ದ.

ಶಟರಿಗೆ ಅರ್ಧ ಗಂಟೆ ಇತ್ತು. ದೊಡ್ಡ ಪಾತ್ರೆ ಚಟ್ನಿ. ತೀರ್ಪು ನನ್ನದು ಎಂದಿದ್ದರು. "ಚೆಲ್ಲು" ಎಂದೆ.

ರಾಘು ಚೆಲ್ಲುವ ಮೊದಲು ಕಸದ ಬುಟ್ಟಿಗೆ ಕೈ ಹಾಕಿ, ಕಾಯಿ ತುರಿದ ಕರಟಗಳನ್ನು ಒಂದೊಂದೇ ಎತ್ತಿ ಮೂಸತೊಡಗಿದ. ನಾಲ್ಕೈದು ಮೂಸಿದ ಮೇಲೆ ಒಂದನ್ನು ಹಿಡಿದು ನಿಂತ. ವೀಣಾಳ ಮೂಗಿನ ಹತ್ತಿರ ಹಿಡಿದ. ಅವಳು ಮುಖ ಹಿಂದೆ ಎಳೆದುಕೊಂಡಳು. ಒಳಗೆ ಅಂಟಿದ್ದ ತುಣುಕು ಹಳದಿ ತಿರುಗಿತ್ತು.

"ಇಷ್ಟು ಕಾಯಿಯಲ್ಲಿ ಒಂದು" ಎಂದ ರಾಘು. "ಹ್ವಾಯ್ ಅಣ್ಣ, ನಿಮಗೆ ಡಾಕ್ಟ್ರು ಕೊಟ್ಟದ್ದು ಯಾವ ಮಾತ್ರೆ? ನನಗೂ ಒಂದು ಬೇಕಿತ್ತು."

ವೀಣಾ ಏಪ್ರನ್ ಕಟ್ಟಿಕೊಂಡು ಹೊಸ ಕಾಯಿ ಒಡೆಯಲು ಕುಳಿತಳು. ಸುಮತಿ ತುರಿದಳು. ಹೊಸ ಚಟ್ನಿ ನನ್ನ ಅಂಗೈಗೆ ಬಿದ್ದಾಗ ಶಟರಿನ ಹೊರಗೆ ಜೋಶಿ ಕಾಕಾ ಕೊಡೆಯಿಂದ ಬಡಿಯುತ್ತಿದ್ದರು. "ಸರಿ" ಎಂದೆ. ಶಟರು ಎತ್ತಿದರು.

ಹನ್ನೊಂದರ ಹೊತ್ತಿಗೆ ಗಿರಾಕಿ ಇಳಿದಾಗ ರಾಘು ಗಲ್ಲೆಯ ಬಳಿ ಬಂದು ಟವೆಲು ಹಿಂಡುತ್ತ ನಿಂತ. ಅವನ ಮಗಳು ಊರಲ್ಲಿ ಹೆತ್ತು ನಾಲ್ಕು ತಿಂಗಳಾಗಿತ್ತು. ಮೊಮ್ಮಗಳನ್ನು ಅವನು ಫೋನಿನಲ್ಲಿ ಮಾತ್ರ ನೋಡಿದ್ದ. ರುಚಿಯ ತೀರ್ಪು ಅವನ ಹೆಗಲ ಮೇಲಿದ್ದುದರಿಂದ ರಜೆ ಕೇಳಿರಲಿಲ್ಲ, ನಾವೂ ಕೊಟ್ಟಿರಲಿಲ್ಲ.

"ಅಣ್ಣ, ಇನ್ನು ನೀವು ಉಂಟಲ್ಲ. ನಾನೊಮ್ಮೆ ಊರಿಗೆ ಹೋಗಿ ಬರಲಾ?"

"ಯಾವಾಗ?"

"ನೀವು ಯಾವಾಗ ಹೇಳ್ತೀರಿ ಆಗ."

"ಇವತ್ತು" ಎಂದೆ. ವೀಣಾ ಫೋನಿನಲ್ಲೇ ಟಿಕೇಟು ತೆಗೆದಳು. ಸುಮತಿ ಮಗುವಿಗೊಂದು ಅಂಗಿ ತಂದಳು. ಸಂಜೆ ನಾನೇ ಅವನ ಜೊತೆ ಆಟೋದಲ್ಲಿ ಊರಿನ ಬಸ್ಸು ನಿಲ್ಲುವ ಕಾತ್ರಜಿನವರೆಗೆ ಹೋದೆ. ಬಸ್ಸು ಬಂತು. ಹತ್ತುವ ಮೊದಲು ಅವನು, "ಶಿರಾಕ್ಕೆ ಹೊಸ ರವೆ ಬಂದಿದೆ, ಅದು ನೀರು ಹೆಚ್ಚು ಕೇಳ್ತದೆ, ನೋಡಿಕೊಳ್ಳಿ" ಎಂದ. "ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ" ಎಂದೆ. ಅವನು ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ.

ನನ್ನ ಬೆರಳ ತುದಿಗಳು ಇಂದಿಗೂ ಬಿಳಿ. ಅವು ಹಾಗೇ ಇರುತ್ತವೆ. ಮಾತ್ರೆಯೂ ಇರುತ್ತದೆ, ಬದುಕಿರುವವರೆಗೆ. ಎರಡರ ಜೊತೆಗೂ ನನಗೆ ಜಗಳವಿಲ್ಲ. ಬಿಳಿ ಮಚ್ಚೆ ಬಂದು, ಜೊತೆಗೆ ಕಾರಣವಿಲ್ಲದೆ ಚಳಿ, ನಿದ್ದೆ, ಭಾರ ಬಂದರೆ ಅದನ್ನು ಮನಸ್ಸಿನ ಮೇಲೆ ಹಾಕಬೇಡಿ, ಥೈರಾಯ್ಡ್ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ. ಮಾತ್ರೆ ಹತ್ತದಿದ್ದರೆ ನಿಮ್ಮ ಬೆಳಗನ್ನು ಒಂದೂ ಬಿಡದೆ ಅವರಿಗೆ ಹೇಳಿ. ಲೆಕ್ಕಕ್ಕಿಲ್ಲ ಎಂದು ನೀವು ಬಿಟ್ಟದ್ದನ್ನು ಮೊದಲು ಹೇಳಿ.

ಹೋಟೆಲಿಗೆ ಮರಳಿದಾಗ ಗ್ರೈಂಡರು ನಿಂತಿತ್ತು. ಮರುದಿನದ ಇಡ್ಲಿ ಹಿಟ್ಟು ಕಾಯುತ್ತಿತ್ತು. ಕೈ ಮೊಣಕೈವರೆಗೆ ತೊಳೆದೆ. ಕಲ್ಲುಪ್ಪು ಹಾಕಿ, ಬರಿಗೈಯಲ್ಲಿ ತಳದಿಂದ ಮೇಲಕ್ಕೆ ತಿರುವಿದೆ. ಹಿಟ್ಟು ಹಗುರಾಗುವವರೆಗೆ ಬಿಡಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ಅಡುಗೆಮನೆಯ ದೀಪ ಆರಿಸಿದೆ.